ಸ್ನೇಹಲತಾಳ ವೈರು

“ಮುಟ್ಟಬೇಡಮ್ಮ!” ಎಂದು ತಿರುನಾರಾಯಣರು ಕೂಗುವಷ್ಟರಲ್ಲಿ ಸ್ನೇಹಲತಾ ಕಂಪ್ಯೂಟರಿನ ಬೆನ್ನಿನಿಂದ ವೈರನ್ನು ಕಿತ್ತೇಬಿಟ್ಟಿದ್ದಳು. ಕಿತ್ತ ರಭಸಕ್ಕೆ ಡಬ್ಬದ ನೆತ್ತಿಯ ಮೇಲೆ ಒಣಗಿ ಕೂತಿದ್ದ ತುಳಸಿ, ಮಂತ್ರಾಕ್ಷತೆ ಎಲ್ಲ ಉದುರಿ ಕೀಬೋರ್ಡಿನ ಸಂದಿಗೆ ಬಿದ್ದವು.

“ನನ್ನ ವೈರು ಸಾರ್. ನಾನು ಮುಟ್ಟದೆ ಇನ್ಯಾರು ಮುಟ್ಟಬೇಕು?”

“ಆ ವೈರಿನ ದೆಸೆಯಿಂದಲೇ ಅಲ್ವೇ, ಶನಿವಾರದಿಂದ ಒಂದೇ ಒಂದು ಪತ್ರ ಹಾಸನ ಮುಟ್ಟದೆ ಇರೋದು?”

ಅವಳು ಕಿತ್ತ ವೈರನ್ನು ಸುತ್ತಿ ಮೇಜಿನ ಮೇಲಿಟ್ಟಳು. ಬಾಯಿ ಬಿಟ್ಟಿದ್ದರೆ ಕೆಟ್ಟ ಮಾತೇ ಬರುತ್ತಿತ್ತು. ಹೇಮಾವತಿ ಉಕ್ಕಿ ಫೋನ್ ತಂತಿ ಕಡಿದುಹೋದರೂ ಹೊಳೆನರಸೀಪುರದ ಸುದ್ದಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು, ಅದೂ ಬಾಯಿಮಾತಿನಲ್ಲಲ್ಲ, ಬರಹದಲ್ಲಿ, ರೇಡಿಯೋ ಅಲೆಯ ಮೇಲೆ ಕೂತ ಈಮೇಲಾಗಿ ಎಂಬುದು ಹವ್ಯಾಸಿ ರೇಡಿಯೋದವರ ಹ್ಯಾಮ್ ಕ್ಲಬ್ಬಿಗೆ ಹಿಡಿದ ಹೊಸ ಹುಚ್ಚು. ನಾಳೆ ಡಿ.ಸಿ. ಸಾಹೇಬರ ಎದುರು ಅದರ ಪರೀಕ್ಷೆ. ಪಾಸಾದರೆ ತಿರುನಾರಾಯಣರ ಮನೆಯಲ್ಲಿರುವ ಈ ಕೇಂದ್ರ ಕಾಯಂ. ಅದರ ಕುರ್ಚಿಯಲ್ಲಿ ಕೂರುವವಳು ಸ್ನೇಹಲತಾ ಎಂದು ಕ್ಲಬ್ಬೇ ತೀರ್ಮಾನಿಸಿತ್ತು. ತನ್ನೂರು ದುದ್ದದ ರಾಗಿ ಹೊಲದ ಬದುವಿನ ಮೇಲೆ ಕೂತು ಮೋರ್ಸ್ ಸಂಕೇತ ಕಲಿತು ರೇಡಿಯೋ ಲೈಸೆನ್ಸ್ ಪಡೆದವಳು ಅವಳು. ಊರಿನವರು ಹುಡುಗಿ ಒಬ್ಬಳೇ ಟಕಟಕ ಅನ್ನುತ್ತಾಳೆ, ಯಾವುದೋ ಗಾಳಿ ಸೋಕಿದೆ ಅಂದಿದ್ದರು. ಅದನ್ನೂ ಸಹಿಸಿದ್ದಳು. ಆದರೆ ಮೊನ್ನೆ ಮಂಗಳವಾರ ಕ್ಲಬ್ಬಿನ ಅಧ್ಯಕ್ಷರಾದ ತಿರುನಾರಾಯಣರು ಕಮಿಟಿ ಸೇರಿಸಿ, “ಹುಡುಗಿ ಬೆಸುಗೆ ಹಾಕಿದ ವೈರು ಸರಿಯಿಲ್ಲ” ಎಂಬ ಒಂದೇ ಮಾತಿನಲ್ಲಿ ಆ ಕುರ್ಚಿಯನ್ನು ತಮ್ಮ ತಂಗಿಯ ಮಗ ವಸಿಷ್ಠನ ಕಡೆಗೆ ಸರಿಸಿಬಿಟ್ಟಿದ್ದರು. ಕಮಿಟಿ ಕೊಟ್ಟ ಗಡುವಿನಂತೆ ಇವತ್ತು ಸಂಜೆಯೊಳಗೆ ಪತ್ರ ಹೋದರೆ ಕುರ್ಚಿ ಅವಳದು. ಇಲ್ಲವಾದರೆ ವಸಿಷ್ಠನದು. ಪಾಠ ಹೇಳುವ ಶಾಲೆಗೆ ರಜೆ ಹಾಕಿ ಬಂದಿದ್ದು ಅದಕ್ಕೇ.

ವಸಿಷ್ಠ ಆ ಕುರ್ಚಿಯಲ್ಲಿ ಈಗಲೇ ಕೂತು ಗಿರಗಿರ ತಿರುಗುತ್ತಿದ್ದ. ಮೇಜಿನ ಮೇಲೆ ಅವನು ಬೆಂಗಳೂರಿನಿಂದ ತರಿಸಿದ ಅಂಗಡಿಯ ವೈರು ಪ್ಯಾಕೆಟ್ಟು ಒಡೆಯದೆ ಕೂತಿತ್ತು.

ಸ್ನೇಹಲತಾ ಅದನ್ನೆತ್ತಿ ಹಲ್ಲಿನಿಂದ ಹರಿದಳು.

“ರೀ, ಏನ್ರೀ ಅದು! ಅದನ್ನ ಹಚ್ಚೋಕೆ ಮಾವ ನಾಳೆ ಬೆಳಿಗ್ಗೆ ಗಳಿಗೆ ಇಟ್ಟಿದ್ದಾರೆ.”

“ಗಳಿಗೆ ನೋಡಾಕೆ ಇದೇನು ಮದ್ವೆ ಎಣ್ಣಾ? ವೈರು!”

ಸಿಟ್ಟು ಬಂದರೆ ಅವಳ ನಾಲಿಗೆಯಿಂದ ಹಕಾರ ಉದುರಿಹೋಗಿ ದುದ್ದ ಮುಂದೆ ಬಂದು ನಿಲ್ಲುತ್ತಿತ್ತು. ವಸಿಷ್ಠನಿಗೆ ಬೇಕಾಗಿದ್ದೂ ಅದೇ. “ನೋಡಿ ಮಾವ, ನಾಳೆ ಡಿ.ಸಿ. ಕೇಳಿದ್ರೆ ಇದು ‘ಆಮ್’ ರೇಡಿಯೋ ಸಾ ಅಂತಾರೆ.”

ಅವನ ಕುರ್ಚಿಯನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳಿ ಅವಳು ಅಂಗಡಿಯ ವೈರನ್ನು ರೇಡಿಯೋದ ಮೋಡೆಮ್ಮಿಗೂ ಕಂಪ್ಯೂಟರಿಗೂ ಜೋಡಿಸಿದಳು. ನಿಂತುಕೊಂಡೇ ಒಂದು ಸಾಲು ಟೈಪು ಮಾಡಿ ಕಳಿಸಿದಳು. ರೇಡಿಯೋ ಕರ್ರೆಂದಿತು. ಪರದೆಯ ಮೇಲೆ ‘ತಲುಪಿದೆ’ ಎಂಬ ಗುರುತು ಮೂಡಿತು. ಶನಿವಾರದಿಂದಲೂ ಹೀಗೇ ಮೂಡುತ್ತಿತ್ತು. ಪತ್ರ ಕಳಿಸುವ ಪ್ರೋಗ್ರಾಮನ್ನು ಕಿತ್ತು ಮತ್ತೆ ಹಾಕಿದರೂ ಹೀಗೇ. ಅವಳು ಇನ್ನೊಂದು ಸೆಟ್ಟಿನ ಮೈಕು ಎತ್ತಿಕೊಂಡು ಹಾಸನದ ಗುಂಡಯ್ಯನವರನ್ನು ಕೂಗಿದಳು. ಅಲ್ಲಿಯ ಕ್ಲಬ್ಬಿನ ಕೋಣೆಯಲ್ಲಿ ಆ ತುದಿಯನ್ನು ಕಾಯುವವರು ಅವರು, ನಿವೃತ್ತ ಪೋಸ್ಟ್‌ಮ್ಯಾನ್.

“ಗುಂಡಯ್ಯನೋರೆ, ಈಗೊಂದು ಪತ್ರ ಬಿಟ್ಟೆ. ಬಂತಾ? ಓವರ್.”

“ಬರ್ನಿಲ್ಲ ಕಣವ್ವ. ಪೆಟ್ಟಿಗೆ ಖಾಲಿ. ಬಂದ ಕಾಗ್ದನ ಬಂದಿಲ್ಲ ಅನ್ನೋ ಜಾತಿ ನಂದಲ್ಲ. ಓವರ್.”

ಸ್ನೇಹಲತಾ ತಿರುಗಿ ನಿಂತಳು. “ಕೇಳಿಸ್ಕೊಂಡ್ರಾ ಸಾರ್? ಇದು ಅಂಗಡಿ ವೈರು. ಇದರಲ್ಲೂ ಹೋಗಲಿಲ್ಲ. ಹಾಗಾದ್ರೆ ನನ್ನ ವೈರಿಂದೇನು ತಪ್ಪು?”

ತಿರುನಾರಾಯಣರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು. “ಗಳಿಗೆ ನೋಡದೆ ಹಚ್ಚಿದೆ. ಇನ್ನೇನಾಗುತ್ತೆ?”

ಕಾಲೇಜಿನಲ್ಲಿ ಜೀವಮಾನವಿಡೀ ಫಿಸಿಕ್ಸ್ ಹೇಳಿದ ಬಾಯಿ ಅದು. ಅವಳಿಗೆ ಆ ಕನ್ನಡಕವನ್ನು ಕಿತ್ತು ಕಿಟಕಿಯಾಚೆ ಎಸೆಯಬೇಕೆನ್ನಿಸಿತು. ಎಸೆಯಲಾರದೆ ಮೌಸನ್ನು ಪಟ್ಟೆಂದು ಮೂಲೆಗೆ ತಳ್ಳಿದಳು. ಪರದೆಯ ಮೇಲೆ ಬಾಣದ ಗುರುತು ಸರ್ರನೆ ಜಾರಿ ಕೆಳಗಿನ ಬಲತುದಿಯಲ್ಲಿದ್ದ ಗಡಿಯಾರದ ಮೇಲೆ ಹೋಗಿ ನಿಂತಿತು. ಗಂಟೆ ಸರಿಯಾಗಿಯೇ ಇತ್ತು. ಗಂಟೆಯ ಮೇಲೆ ಚಿಕ್ಕದೊಂದು ಹಳದಿ ಚೌಕ ಎದ್ದು ತಾರೀಖು ತೋರಿಸಿತು. ಶುಕ್ರವಾರ, ಸೆಪ್ಟೆಂಬರ್ ಐದು, 2003.

ಇವತ್ತು ಗುರುವಾರ, ಸೆಪ್ಟೆಂಬರ್ ಹದಿನೆಂಟು. ಸೆಪ್ಟೆಂಬರ್ ಐದು ಶಿಕ್ಷಕರ ದಿನಾಚರಣೆ. ಆವತ್ತು ಮಕ್ಕಳು ಅವಳಿಗೆ ಕೊಟ್ಟ ಗುಲಾಬಿ ಬಾಡಿ, ಕಸದ ಬುಟ್ಟಿ ಸೇರಿ, ಬುಟ್ಟಿಯೂ ಖಾಲಿಯಾಗಿತ್ತು.

“ಸಾರ್, ಈ ಕಂಪ್ಯೂಟರಿನ ತಾರೀಖು ಯಾರು ತಿದ್ದಿದ್ದು?”

ತಿರುನಾರಾಯಣರು ಕನ್ನಡಕವನ್ನು ಇನ್ನೊಮ್ಮೆ ಒರೆಸಿದರು. ಅಷ್ಟರಲ್ಲಿ ಅವರ ಹೆಂಡತಿ ವೇದವತಿ ಕಾಫಿ ಲೋಟಗಳ ತಟ್ಟೆ ಹಿಡಿದು ಒಳಗೆ ಬಂದರು. ಮಾತು ಕಿವಿಗೆ ಬಿದ್ದಿತ್ತು.

“ಇವರೇ ಕಣಮ್ಮ. ಶನಿವಾರ ನೀನು ತಾರಸಿ ಮೇಲೆ ಆಂಟೆನಾ ಕಟ್ತಿದ್ಯಲ್ಲ, ಆಗ. ಪಿತೃಪಕ್ಷದಲ್ಲಿ ಹೊಸ ಕೆಲಸ ಶುರು ಮಾಡಬಾರದು ನೋಡು. ಅದಕ್ಕೇ ಪಕ್ಷ ಹಿಡಿಯೋ ಮುಂಚಿನ ಒಳ್ಳೇ ದಿನ ಹುಡುಕಿ, ಅಲ್ಲಿಗೆ ಹಿಂದಕ್ಕೆ ಹಾಕಿ ಆಮೇಲೆ ಆ ಪ್ರೋಗ್ರಾಂ ಹಾಕಿದ್ರು. ಯಾಕೆ, ಹಾಕಬಾರದಿತ್ತೆ?”

“ವೇದಾ, ನೀನು ಒಳಗೆ ಹೋಗು.”

ಸ್ನೇಹಲತಾ ಮೈಕನ್ನು ಕಿತ್ತುಕೊಂಡವಳಂತೆ ಎತ್ತಿದಳು. “ಗುಂಡಯ್ಯನೋರೆ, ಪೆಟ್ಟಿಗೆ ಬ್ಯಾಡ, ಅಳಿಸಿದ್ದನ್ನ ತೆಗೀರಿ. ಏನದೆ ನೋಡಿ. ಓವರ್.”

ತುಸು ಹೊತ್ತು ಬರೀ ಗೊರಗೊರ ಸದ್ದು. ಆಮೇಲೆ ಗುಂಡಯ್ಯನವರ ದನಿ, ಈ ಸಲ ಎತ್ತರದಲ್ಲಿ. “ಅಯ್ಯೋ ಶಿವನೇ! ಎಲ್ಲಾ ಇಲ್ಲೇ ಬಿದ್ದವೆ ಕಣವ್ವ, ರಾಶಿ! ಅಳೇ ಕಾಗ್ದ ಅಂತ ಬಾಗ್ಲಲ್ಲೇ ಕುತ್ಗೆ ಇಸುಕ್ತಾ ಅದೆ ಇದು. ಓವರ್.”

ಹಾಸನದ ಯಂತ್ರಕ್ಕೆ ಆ ಬುದ್ಧಿ ಕಲಿಸಿದವಳು ಸ್ವತಃ ಸ್ನೇಹಲತಾ. ವಾರಕ್ಕಿಂತ ಹಳೆಯ ತಾರೀಖಿನ ಪತ್ರ ಬಂದರೆ ಒಳಗೆ ಬಿಟ್ಟುಕೊಳ್ಳಬೇಡ ಎಂದಿದ್ದಳು. ದಾರಿಯಲ್ಲಿ ಸಿಕ್ಕಿಕೊಂಡ ಹಳೇ ಪ್ರವಾಹದ ಸುದ್ದಿ ತಡವಾಗಿ ಬಂದು, ನೀರಿಳಿದ ಮೇಲೆ ಜನರನ್ನು ಓಡಿಸಬಾರದಲ್ಲ. ಯಂತ್ರ ಹೇಳಿದಂತೆ ಕೇಳಿತ್ತು. ರೇಡಿಯೋ ಕೇಳಿತ್ತು, ವೈರೂ ಕೇಳಿತ್ತು. ಈ ಮನೆಯ ಪಂಚಾಂಗವೊಂದು ಬಿಟ್ಟು ಎಲ್ಲವೂ ತಮ್ಮ ತಮ್ಮ ಕೆಲಸ ಮಾಡಿದ್ದವು. ಬೈಸಿಕೊಂಡವಳು ಅವಳು. ಮಂಗಳವಾರದ ಕಮಿಟಿಯಲ್ಲಿ, ಅಷ್ಟು ಜನ ಗಂಡಸರ ನಡುವೆ, ತನ್ನ ಬೆಸುಗೆಯನ್ನು ಭೂತಗನ್ನಡಿ ಹಿಡಿದು ತೋರಿಸುತ್ತ, ‘ನೋಡಿ ಸಾರ್, ಎಲ್ಲಿ ಬಿಟ್ಟಿದೆ ಹೇಳಿ’ ಎಂದು ಗೋಗರೆದವಳು ಅವಳು. ಆಗ ಎದುರಿಗೇ ಕೂತಿದ್ದ ಈ ಮನುಷ್ಯನಿಗೆ ತಾರೀಖು ತಿದ್ದಿದ್ದು ನೆನಪಿಗೇ ಬರಲಿಲ್ಲವೆ?

ಅವಳು ತಾರೀಖನ್ನು ಇವತ್ತಿಗೆ ತಂದಳು. ಅಂಗಡಿಯ ವೈರನ್ನು ಕಿತ್ತು ವಸಿಷ್ಠನ ತೊಡೆಯ ಮೇಲೆಸೆದು ತನ್ನದನ್ನೇ ಸಿಕ್ಕಿಸಿದಳು. ಪತ್ರ ಬಿಟ್ಟಳು.

“ಬಂತು ಕಣವ್ವ!” ಗುಂಡಯ್ಯ ಓವರ್ ಹೇಳುವುದನ್ನೇ ಮರೆತರು. “ಏನವ್ವ ಇದು, ‘ನನ್ನ ವೈರು ಸರಿ ಇದೆ’ ಅಂತ ಬರ್ದಿದ್ದೀಯಾ?”

ವಸಿಷ್ಠ ಕುರ್ಚಿಯಿಂದೆದ್ದು, ಏನೋ ನೆನಪಾದವನಂತೆ ಹೊರಗೆ ಹೋದ. ತಿರುನಾರಾಯಣರು ಬಾಗಿಲು ಮುಂದಕ್ಕೆ ಎಳೆದರು. ತಾವೇ ಒಂದು ಲೋಟ ಕಾಫಿ ಎತ್ತಿ ಅವಳ ಮುಂದಿಟ್ಟರು. ಈ ಮನೆಯಲ್ಲಿ ಅವರ ಕೈಯಿಂದ ಅವಳಿಗೆ ಬಂದ ಮೊದಲ ಲೋಟ ಅದು.

“ಆಗಿದ್ದಾಯ್ತು, ಕೂತ್ಕೋಮ್ಮ. ನಾಳೆ ಡಿ.ಸಿ. ಮುಂದೆ ನೀನೇ ಕೂರು. ಮುಂದಕ್ಕೂ ಕೇಂದ್ರ ನಿನ್ನದೇ, ವಸಿಷ್ಠನಿಗೆ ನಾನು ಹೇಳ್ತೀನಿ. ಒಂದೇ ಒಂದು ಮಾತು. ಸಂಜೆ ಕಮಿಟಿಯವರು ಕೇಳಿದ್ರೆ, ವೈರಲ್ಲಿ ಸಣ್ಣ ದೋಷ ಇತ್ತು, ಸರಿ ಮಾಡ್ದೆ ಅಂದುಬಿಡು. ಈ ತಾರೀಖಿನ ವಿಚಾರ ಹೊರಗೆ ಹೋದ್ರೆ ನನ್ನ ಶಿಷ್ಯರೇ ನಗ್ತಾರೆ. ನಿನಗೇನು, ಚಿಕ್ಕವಳು. ಒಂದು ವೈರು ಕೆಟ್ಟಿತ್ತು ಅಂದ್ರೆ ನಿನ್ನ ಮರ್ಯಾದೆ ಏನೂ ಹೋಗಲ್ಲ.”

ಕುರ್ಚಿ ಖಾಲಿ ಇತ್ತು. ವಸಿಷ್ಠ ಎದ್ದ ರಭಸಕ್ಕೆ ಇನ್ನೂ ಮೆಲ್ಲಗೆ ತಿರುಗುತ್ತಿತ್ತು. ಸ್ನೇಹಲತಾ ಅದನ್ನು ಅದು ನಿಲ್ಲುವವರೆಗೂ ನೋಡಿದಳು. ಆಮೇಲೆ ಕಾಫಿಯನ್ನು ಅವರ ಕಡೆಗೆ ಸರಿಸಿದಳು.

“ಬ್ಯಾಡ ಸಾ. ನನ್ನ ವೈರು ಸರಿಯಾಗೇ ಇತ್ತು. ನಾನು ಅಂಗನ್ನಾಕಿಲ್ಲ.”