ಮೂರು ನಿಮಿಷದ ದನಿ

“ಬಾಯಿ ಬಿಡಮ್ಮ. ಒಂದು ‘ಹೌದು’ ಅಂದ್ರೆ ಸಾಕು. ಬಾಯಿ ಬಿಟ್ರೆ ಮುತ್ತು ಉದುರುತ್ತಾ?”

ಸಂಯೋಜಕ ಮೈಕನ್ನು ಜನೆಲ್‌ಳ ಗಲ್ಲದ ಹತ್ತಿರ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದ.

ಜನೆಲ್‌ಳ ಗಂಡನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ. ಅಂಗಡಿ ತೆರೆದಿತ್ತು. ಶಾಲೆಯ ಗಂಟೆ ಹೊಡೆದಿತ್ತು. ನೀರಿನ ಟ್ಯಾಂಕಿನ ನೆರಳಿಗಾಗಿ ನಾಯಿಗಳು ಎಂದಿನಂತೆ ಕಚ್ಚಾಡುತ್ತಿದ್ದವು. ವಿಧವೆಯರ ಬಿಡಾರಕ್ಕೆ ಗಂಡಸರು ಕಾಲಿಡುವುದಿಲ್ಲ. ಸಂಯೋಜಕ ಕಾರನ್ನೇ ಒಳಗೆ ತಂದು ನಿಲ್ಲಿಸಿದ್ದ.

“ಎಷ್ಟು ಸಲ ಒದರ್ಲಿ ನಿಂಗೆ?” ಜನೆಲ್‌ಳ ಅಕ್ಕ ಮೈಸಿ ಬೆಂಕಿಯ ಮೇಲಿನ ಡಬ್ಬಿಯಿಂದ ಚಹಾ ಬಗ್ಗಿಸುತ್ತ ಅಂದಳು. “ಅವ್ಳು ಮಾತಾಡೋ ಹಂಗಿಲ್ಲ. ದೊಡ್ಡೋರು ಬಿಡಿಸೋಗಂಟ ಇಲ್ಲ.”

ಮರುಭೂಮಿಯ ವಾರ್ಲ್‌ಪಿರಿ ಬುಡಕಟ್ಟಿನ ಹೆಣ್ಣಿಗೆ ಗಂಡ ಸತ್ತರೆ ಮಾತು ನಿಲ್ಲುತ್ತದೆ. ಆಮೇಲೆ ಮಾತಾಡುವುದು ಕೈಗಳು. ಜನೆಲ್ ತಲೆ ಬೋಳಿಸಿಕೊಂಡು, ಹಣೆಗೆ ಬಿಳಿ ಮಣ್ಣು ಬಳಿದುಕೊಂಡು ಮರಳಿನ ಮೇಲೆ ಕೂತಿದ್ದಳು. ಮೈಸಿ ಕೊಟ್ಟ ಮಗ್ಗನ್ನು ತೆಗೆದುಕೊಂಡು ಪಕ್ಕಕ್ಕಿಟ್ಟಳು.

“ಕುಡಿಯೇ. ಬೆಳಿಗ್ಗೆಯಿಂದ ತುಟೀನೂ ನೆನ್ಸಿಲ್ಲ.”

ಜನೆಲ್ ಕೈಯಲ್ಲಿ ಬೇಡವೆಂದಳು.

ಸಂಯೋಜಕ ನಗರದ ವಿಶ್ವವಿದ್ಯಾಲಯದವನು. ಇಲ್ಲಿನ ಹುಡುಗ ಹುಡುಗಿಯರು ತಮ್ಮ ಜನರ ಕಾಯಿಲೆಯನ್ನು ತಾವೇ ಅಧ್ಯಯನ ಮಾಡಿ, ಮೂರು ನಿಮಿಷದ ಚಿತ್ರದಲ್ಲಿ ತಮ್ಮದೇ ದನಿಯಲ್ಲಿ ಕತೆ ಹೇಳುವುದನ್ನು ಕಲಿಸಲು ಬಂದಿದ್ದ. ಜನೆಲ್ ಮತ್ತು ಅವಳ ಗಂಡ ಇಬ್ಬರೂ ಅವನ ವಿದ್ಯಾರ್ಥಿಗಳು. ‘ಕತೆ ಯಾರದು?’ ಎಂಬುದು ಮೊದಲ ಪಾಠದ ಪ್ರಶ್ನೆ. ‘ಹೇಳುವವರದು’ ಎಂದು ಬರೆದು ಜನೆಲ್ ಪೂರ್ತಿ ಅಂಕ ಪಡೆದಿದ್ದಳು.

ಸತ್ತವನ ಹೆಸರನ್ನು ಈಗ ಯಾರೂ ಹೇಳುವಂತಿಲ್ಲ, ದನಿಯನ್ನು ಕೇಳುವಂತಿಲ್ಲ. ಅವನೀಗ ಬರೀ ಕುಮಂಜಯಿ, ಹೆಸರು ಹೇಳಬಾರದವನು. ಅದೇ ಹೆಸರಿನವರು ಬೇರೆ ಯಾರಿದ್ದರೂ ಅವರೂ ಕುಮಂಜಯಿಯೇ. ಸಂಯೋಜಕನದೂ ಸತ್ತವನದೇ ಹೆಸರು. ಊರೆಲ್ಲ ತನ್ನನ್ನು ಹಾಗೆ ಕರೆಯತೊಡಗಿದ್ದು ಗೌರವವೆಂದು ತಿಳಿದು ಅವನು ಪತ್ರಗಳಿಗೂ ಹಾಗೆಯೇ ಸಹಿ ಹಾಕುತ್ತಿದ್ದ.

“ಒಂದ್ಸಲ ಅವನ ಚಿತ್ರ ನೋಡಿ, ನಿಮಗೇ ಇಷ್ಟ ಆಗುತ್ತೆ. ಸಭೇಲಿ ತೋರಿಸೋಕೆ ಒಪ್ಪಿಗೆ ಬೇಕು ಅಷ್ಟೆ,” ಎಂದು ಅವನು ಲ್ಯಾಪ್‌ಟಾಪ್ ತೆರೆದ.

ಮೊದಲು ಬಿಳಿ ಅಕ್ಷರ ಬಂತು: ‘ಎಚ್ಚರಿಕೆ. ಇದರಲ್ಲಿ ತೀರಿಕೊಂಡವರ ದನಿ ಇರಬಹುದು.’ ಆಮೇಲೆ ತೀರಿಕೊಂಡವನ ದನಿ ಬಂತು.

“ಈ ನೆಲ ಅಂದ್ರೆ ನಂಗೆ ಪ್ರಾಣ. ನಮ್ಮೋರೇ ನಂಗೆ ಔಷಧಿ...”

ಬಿಡಾರದ ಹೆಂಗಸರು ಕಿವಿ ಮುಚ್ಚಿಕೊಂಡು ಗೋಳೋ ಎಂದರು. ಸತ್ತವನ ತಾಯಿಗೂ ಮಾತಿಲ್ಲ. ಅವಳು ಎರಡು ಕೈಯಲ್ಲಿ ಮರಳು ಬಾಚಿ ಲ್ಯಾಪ್‌ಟಾಪಿನ ಮೇಲೆ ಸುರಿದಳು.

“ಎಚ್ಚರಿಕೆ ಹಾಕಿದೀವಲ್ಲ!” ಸಂಯೋಜಕ ಮರಳು ಊದುತ್ತ ಕೂಗಿದ.

“ಹಲ್ಕಾ ನನ್ಮಗ್ನೆ, ಮುಚ್ಚೋ ಅದನ್ನ!” ಮೈಸಿ ಸೌದೆಕೊಳ್ಳಿ ಎತ್ತಿಕೊಂಡಳು. ಅವನು ಮುಚ್ಚಿದ. ಅವಳು ಕೊಳ್ಳಿ ಇಳಿಸಲಿಲ್ಲ. “ಕ್ಲಿನಿಕ್ಕಿನ ಮಾತೆಲ್ಲಿ? ಅವ್ನು ಮೊದ್ಲು ಹೇಳಿದ್ದೇ ಅದು.”

ಅವನು ಹೇಳಿದ್ದು ಅದೇ. ಕಾಲು ಬಾತು, ಉಸಿರು ಸಿಗದೆ ಮೂರು ಸಲ ಊರಿನ ಕ್ಲಿನಿಕ್ಕಿಗೆ ಹೋಗಿದ್ದ. ಮೂರು ಸಲವೂ ‘ಕುಡಿದದ್ದು ಇಳಿಯಲಿ, ಹೋಗಿ ಮಲಗು’ ಎಂದು ಕಳಿಸಿದರು. ಅವನು ಕುಡಿಯುತ್ತಿರಲಿಲ್ಲ. ತರಬೇತಿಯ ರೆಕಾರ್ಡರನ್ನು ಎರವಲು ತಂದು ಆ ಮೂರು ಸಲದ್ದನ್ನೂ ತಾರೀಖಿನ ಸಮೇತ ಹೇಳಿಟ್ಟ. ನಾಲ್ಕನೆಯ ಸಲ ವಿಮಾನ ಕಳಿಸಿದರು. ದೊಡ್ಡಾಸ್ಪತ್ರೆಯಿರುವ ಆಲಿಸ್ ಪಟ್ಟಣದಲ್ಲಿ ಇಳಿಸಿದ್ದು ಹೆಣವನ್ನು.

“ಅದನ್ನ ಸ್ವಲ್ಪ ಕತ್ತರಿಸಿದೀವಿ,” ಎಂದ ಸಂಯೋಜಕ. “ಕ್ಲಿನಿಕ್ ನಡೆಸೋರೇ ನಮಗೂ ದುಡ್ಡು ಕೊಡೋರು. ಮುಂದಿನ ವಾರ ಸಭೇಲಿ ಅವರೇ ಮುಂದಿನ ಸಾಲಲ್ಲಿ ಕೂತಿರ್ತಾರೆ. ನೋಡಿದೋರಿಗೆ ಸ್ಫೂರ್ತಿ ಬರ್ಬೇಕು.”

“ಸ್ಫೂರ್ತಿ ಬರೋ ಹಂಗೆ ಸಾಯಾಕೆ ಅವ್ನಿಗೆ ಬರ್ನಿಲ್ಲ ಬುಡು.”

ಜನೆಲ್‌ಳ ಕೈಗಳು ಎದ್ದವು. ಬೆರಳು ಮಡಿಸಿ, ಬಿಡಿಸಿ, ಎದೆ ಮುಟ್ಟಿ, ನೆಲ ತೋರಿಸಿ, ಅವಳು ಬಹಳ ಹೊತ್ತು ಹೇಳಿದಳು. ಮೈಕು ಏನನ್ನೂ ಹಿಡಿಯಲಿಲ್ಲ.

“ಏನಂದ್ರು?”

“ಇಲ್ಲ ಅಂದ್ಲು.”

“ಅಷ್ಟುದ್ದ ಹೇಳಿದ್ದು ಬರೀ ಇಲ್ಲ ಅಂತಾನಾ?”

“ಮಿಕ್ಕಿದ್ದು ನಿನ್ನ ಬಗ್ಗೆ.”

ಸಂಯೋಜಕ ನಿಟ್ಟುಸಿರು ಬಿಟ್ಟು ಒಪ್ಪಿಗೆ ಪತ್ರದಲ್ಲಿ ಬರೆದುಕೊಂಡ: ‘ಆಘಾತದಿಂದ ಮಾತು ನಿಂತಿದೆ. ಒಪ್ಪಿಗೆ ಬಾಕಿ.’

“ಸರಿ, ಆ ರೆಕಾರ್ಡರ್ ಆದ್ರೂ ಕೊಡಿ. ಅದು ನಮ್ಮದು. ಅವನು ಪೂರ್ತಿ ಮಾತಾಡಿರೋ ಮೆಮೊರಿ ಕಾರ್ಡು ಅದರಲ್ಲೇ ಇದೆ. ಬೇರೆ ಕಡೆ ಎಲ್ಲ ಅಳಿಸಿದೀವಿ. ಅದನ್ನೂ ಅಳಿಸಿ ಮುಂದಿನ ವಿದ್ಯಾರ್ಥಿಗೆ ಕೊಡ್ಬೇಕು.”

ಜನೆಲ್ ಎದ್ದಳು. ಕಂಬಳಿಯ ಅಡಿಯಿಂದ ರೆಕಾರ್ಡರ್ ತಂದಳು. ಸಾವಿನ ನೆರಳು ಬಿಡಲೆಂದು ಬೆಳಗಿನ ಜಾವ ಗಂಡನ ಅಂಗಿ, ಟೋಪಿಗಳ ಜೊತೆ ಅದಕ್ಕೂ ಹಸಿ ಎಲೆಯ ಹೊಗೆ ಹಿಡಿದಿದ್ದಳು. ಅದನ್ನು ಸಂಯೋಜಕನ ಬೂಟಿನ ಮುಂದೆ ಮರಳಿನ ಮೇಲೆ ಇಟ್ಟಳು. ಗಂಡ ತಂದದ್ದು ಹಿಂದಕ್ಕೆ ಹೋಯಿತು.

ಸಂಯೋಜಕ ಅದರ ಪುಟ್ಟ ಮುಚ್ಚಳ ತೆಗೆದ. ಒಳಗೆ ಖಾಲಿ. ತಲೆಕೆಳಗು ಮಾಡಿ ಕೊಡವಿದ. ಒಂದು ಚಿಟಿಕೆ ಬೂದಿ ಬಿತ್ತು.

“ಕಾರ್ಡೆಲ್ಲಿ?”

ಮೈಸಿ ಕೆನೆಗಟ್ಟಿದ ಚಹಾದ ಮಗ್ಗನ್ನು ನೋಡಿದಳು. ತಂಗಿಯ ತುಟಿ ನೋಡಿದಳು. ಕೊಳ್ಳಿಯನ್ನು ಮತ್ತೆ ಬೆಂಕಿಗೆ ತುರುಕಿದಳು.

“ಅವ್ಳನ್ನೇ ಕೇಳು, ಕುಮಂಜಯಿ.”

“ಎಲ್ಲಿದೆ ಅಂತ ಹೇಳಮ್ಮ. ಒಂದೇ ಮಾತು. ಬಾಯಿ ಬಿಡು.”

ಜನೆಲ್ ಅವನ ಮುಖವನ್ನೇ ನೋಡುತ್ತ ನಿಂತಳು. ನಾಲಿಗೆಯ ಅಡಿಯಲ್ಲಿ, ಉಗುರಿನಷ್ಟಗಲದ ಕಾರ್ಡು ಹೊಗೆಯ ರುಚಿ ಬಿಡುತ್ತಿತ್ತು.