ಮುಂದಿನ ಸೀಟಿನ ಕಣ್ಣು

ಜೋಡಿ ಸೈಕಲ್ಲಿನಲ್ಲಿ ಹಿಂದೆ ಕೂತವನ ಕೈಗೆ ಬ್ರೇಕ್ ಇರುವುದಿಲ್ಲ, ಅವನ ಹ್ಯಾಂಡಲ್ಲು ತಿರುಗುವುದೂ ಇಲ್ಲ. ಅವನು ತುಳಿಯಬೇಕು, ಮುಂದಿನವನನ್ನು ನಂಬಬೇಕು, ಅಷ್ಟೇ. ಓಟ್ಮಾರ್ ಹೀಗೆ ನಂಬಿಕೊಂಡು ತುಳಿಯಲು ಶುರುಮಾಡಿ ಮೂವತ್ತು ವರ್ಷದ ಮೇಲಾಗಿತ್ತು. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಮುಂದೆ ಕೂತಿದ್ದ ವೆಂಡಲೀನನಿಗೂ ಈಗ ಸರಿಯಾಗಿ ಕಾಣುತ್ತಿಲ್ಲ ಎನ್ನುವುದು ಅವನಿಗೆ ತಿಳಿದಿರಲಿಲ್ಲ.

ವೆಂಡಲೀನ್ ಪೂರ್ತಿ ಕುರುಡನೇನಲ್ಲ. ಅವನು ನೇರ ನೋಡಿದ್ದು ಮಾತ್ರ ಮಾಯವಾಗುತ್ತಿತ್ತು. ಯಾವುದರ ಮೇಲೆ ದೃಷ್ಟಿ ನೆಟ್ಟರೂ ಅಲ್ಲೊಂದು ಬೂದಿ ಬಣ್ಣದ ಮಚ್ಚೆ ಬಂದು ಕೂರುತ್ತಿತ್ತು, ಅದರ ಸುತ್ತಲಿನ ಅಂಚು ಉಳಿಯುತ್ತಿತ್ತು. ಎದುರು ನಿಂತವರ ಕಿವಿ, ಟೋಪಿ, ಹೆಗಲು ಕಂಡರೂ ಮುಖ ಕಾಣದು. ಚಳಿಗಾಲ ಕಳೆಯುತ್ತಲೇ ಕಣ್ಣಿನ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದ್ದಳು: ಹೋದ ನೋಟ ಬರುವುದಿಲ್ಲ, ಇನ್ನು ಕಾರೂ ಬೇಡ, ರಸ್ತೆಯ ಮೇಲೆ ಸೈಕಲ್ಲೂ ಬೇಡ. ವೆಂಡಲೀನ್ ಆಗಲಿ ಎಂದು ತಲೆಯಾಡಿಸಿ ಬಂದ. ಪೆಟ್ರೋಲು ದುಬಾರಿಯಾಯಿತು ಎಂದು ನೆವ ಹೇಳಿ ಕಾರನ್ನು ತಂಗಿಯ ಮಗನಿಗೆ ಕೊಟ್ಟ. ಸೈಕಲ್ಲಿನ ಸುದ್ದಿಯನ್ನು ಮಾತ್ರ ಯಾರ ಹತ್ತಿರವೂ ಎತ್ತಲಿಲ್ಲ.

ಎತ್ತುವುದಾದರೂ ಹೇಗೆ? ಹೆಂಡತಿ ಲೀಸೆಲ್ ತೀರಿಕೊಂಡ ಮೇಲೆ ಅವನ ವರ್ಷದಲ್ಲಿ ಉಳಿದಿದ್ದ ಸುಖ ಅದೊಂದೇ. ಬೇಸಗೆಯ ಮೊದಲಿಗೆ ಪೆಂತೆಕೋಸ್ತ್ ಹಬ್ಬದ ರಜೆ ಬಂತೆಂದರೆ ಇಬ್ಬರೂ ಜೋಡಿ ಸೈಕಲ್ಲು ಹತ್ತಿ ಹೊರಟುಬಿಡುತ್ತಿದ್ದರು. ತಮ್ಮ ಹೋಹೆನ್‌ಲೋಹೆ ಸೀಮೆಯ ಗುಡ್ಡ ಹತ್ತಿ, ಕಣಿವೆ ಇಳಿದು, ಹಳೇ ಕೋಟೆ ಊರುಗಳಲ್ಲಿ ರಾತ್ರಿ ಕಳೆದು, ಸೇಬಿನ ಹುಳಿ ಮದ್ಯ ಕುಡಿದು, ಮತ್ತೆ ಬೆಳಗ್ಗೆ ಗುಡ್ಡ ಹತ್ತುವುದು. ಇದೊಂದು ಸಲ ಹೋಗಿಬರೋಣ, ಆಮೇಲೆ ಹೇಳಿಬಿಡೋಣ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಇದೊಂದು ಸಲ ಎನ್ನುವವರು ಯಾವತ್ತಾದರೂ ಅಲ್ಲಿಗೇ ನಿಲ್ಲಿಸಿದ್ದುಂಟೇ? ಕಣ್ಣನ್ನು ನಂಬುವಂತಿಲ್ಲವೆಂದು ಈ ಸಲ ಹಳೇ ದಾರಿಯನ್ನೇ ಆರಿಸಿಕೊಂಡಿದ್ದ. ಕಿರ್ಷ್‌ಬೆರ್ಗ್, ಲಾಂಗೆನ್‌ಬುರ್ಗ್, ಅಲ್ಲಿಂದ ಮೇಲುನಾಡಿನ ಹೋಲ್ಡರ್‌ಬಾಖ್, ಕೊನೆಗೆ ಕಡಿದಾದ ಇಳಿಜಾರು ಇಳಿದರೆ ಶ್ವೇಬಿಷ್ ಹಾಲ್. ಈ ದಾರಿ ಅವನಿಗೆ ಬಾಯಿಪಾಠ. ರಸ್ತೆಯ ಪಕ್ಕದ ಬಿಳಿ ಗೆರೆ ಓರೆಗಣ್ಣಿಗೆ ಕಾಣುತ್ತಿತ್ತು, ಅದನ್ನೇ ಹಿಡಿದುಕೊಂಡು ಓಡಿಸುತ್ತಿದ್ದ.

ಓಡಿಸುವುದು ಅವನ ಅರ್ಧ ಕೆಲಸ. ಇನ್ನರ್ಧ ಕೆಲಸ ಹೇಳುವುದು. ಹಿಂದಿನವನು ಕುರುಡನಾದರೆ ಮುಂದಿನವನು ದಾರಿಯುದ್ದಕ್ಕೂ ಬಾಯಿ ಬಿಡುತ್ತಲೇ ಇರಬೇಕು. ಏರು ಬಂತು, ತಿರುವು ಬಂತು ಎನ್ನುವುದಷ್ಟೇ ಅಲ್ಲ, ಯಾರ ಮನೆಯ ಕಿಟಕಿಯಲ್ಲಿ ಯಾವ ಹೂ ಬಿಟ್ಟಿದೆ, ಹೊಲದಲ್ಲಿ ಏನು ಬೆಳೆದಿದೆ, ಎಲ್ಲವನ್ನೂ. ವೆಂಡಲೀನ್ ಜೀವಮಾನವಿಡೀ ಮನೆಮನೆಯ ಹೊಗೆಗೊಳವೆ, ಅಂದರೆ ಚಿಮಣಿ, ಗುಡಿಸಿದವನು. ಕಪ್ಪು ಕೋಟು ತೊಟ್ಟು ಊರೂರಿನ ಸೂರು ಹತ್ತಿದ್ದವನಿಗೆ ಹೇಳಲು ಸರಕಿಗೇನು ಕಡಿಮೆ? ಮರದ ಚೌಕಟ್ಟಿನ ಮನೆಗಳನ್ನು ಅವನು ಬಣ್ಣಿಸಿದರೆ ಹೆಂಚಿನ ಮೇಲಿನ ಪಾಚಿ ಕೂಡ ಕಣ್ಣಿಗೆ ಕಟ್ಟುತ್ತಿತ್ತು.

ಓಟ್ಮಾರ್ ಒಂದು ಕಾಲಕ್ಕೆ ಗಾರೆ ಕೆಲಸದವನು. ಸುಣ್ಣ ಸಿಡಿದು ಕಣ್ಣು ಕಳೆದುಕೊಂಡಾಗ ಅವನಿಗಿನ್ನೂ ಹರೆಯ. ಅಂಗಮರ್ದನ ಕಲಿತು ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರುವುದಕ್ಕೆ ಮೊದಲು, ಮನೆಯಿಂದ ಹೊರಗೆ ಕಾಲಿಡಲೂ ಒಪ್ಪದೆ ಕೂತಿದ್ದ ದಿನಗಳಲ್ಲಿ, ಅವನ ಮನೆಯ ಚಿಮಣಿ ಗುಡಿಸಲು ವೆಂಡಲೀನ್ ಬಂದಿದ್ದ. ಅದೃಷ್ಟ ಬರುತ್ತದೆಂದು ಚಿಮಣಿಯವನ ಕೋಟಿನ ಗುಂಡಿ ಮುಟ್ಟುವುದು ಅಲ್ಲಿನವರ ರೂಢಿ. ಓಟ್ಮಾರನ ಹೆಂಡತಿ ಗಂಡನ ಕೈ ಹಿಡಿದು ಆ ಗುಂಡಿಯ ಮೇಲಿಟ್ಟಿದ್ದಳು. ಆ ಕೈಯನ್ನು ವೆಂಡಲೀನ್ ಮರೆಯಲಿಲ್ಲ. ಮುಂದಿನ ಭಾನುವಾರ ಅವನು ಎರಡು ಸೀಟಿನ ಸೈಕಲ್ಲಿನ ಜೊತೆ ಬಾಗಿಲಿಗೆ ಬಂದು ನಿಂತಿದ್ದ.

ಈ ಸಲದ ಪ್ರವಾಸದಲ್ಲಿ, ಆ ದಿನ ಬೆಳಗ್ಗೆ ಲಾಂಗೆನ್‌ಬುರ್ಗಿನ ಪೇಟೆ ಬೀದಿಯಲ್ಲಿ ಬೇಕರಿಯ ಮುಂದಿದ್ದ ವ್ಯಾನಿನ ಕನ್ನಡಿಗೆ ಹ್ಯಾಂಡಲ್ಲು ತಾಗಿ ಸೈಕಲ್ಲು ವಾಲಿತು. ಇಬ್ಬರೂ ಕಾಲು ಕೊಟ್ಟು ನಿಂತರು. ವ್ಯಾನನ್ನು ದಾರಿಗೆ ಅಡ್ಡ ನಿಲ್ಲಿಸಿದ್ದಾನೆಂದು ವೆಂಡಲೀನ್ ಕಾಣದ ಬೇಕರಿಯವನನ್ನು ಬೈದ. ವ್ಯಾನು ಅದರ ಜಾಗದಲ್ಲೇ ಇತ್ತು.

"ಈಚೀಚೆಗೆ ನೀನು ಬ್ರೇಕ್ ತಡವಾಗಿ ಹಾಕ್ತೀಯ ಕಣೋ," ಎಂದ ಓಟ್ಮಾರ್.

"ಬ್ರೇಕಿಗೂ ವಯಸ್ಸಾಯ್ತಲ್ಲಯ್ಯ. ನಮ್ಮ ಜೊತೆಗೇ ಹುಟ್ಟಿದ್ದು."

ಓಟ್ಮಾರ್ ನಕ್ಕ. ಬೇಕರಿಯಲ್ಲಿ ಗುಂಡಿಯಷ್ಟು ಪುಟ್ಟ ವೀಬಲೆ ಬಿಸ್ಕತ್ತು ಕೊಂಡು ಜೇಬಿಗೆ ತುಂಬಿಕೊಂಡ. ಮೊಮ್ಮಗಳು ಯೂಲೆಗೆ ಅವು ಬಹಳ ಇಷ್ಟ. ಅವನ ನಗು ಕೇಳಿ ವೆಂಡಲೀನನಿಗೆ ಹೋದ ಜೀವ ಬಂದಂತಾಯಿತು, ಜೊತೆಗೇ ತನ್ನ ಮೇಲೆ ಹೇಸಿಗೆಯೂ ಆಯಿತು.

ಮಧ್ಯಾಹ್ನಕ್ಕೆ ಹೋಲ್ಡರ್‌ಬಾಖ್ ಸೇರಿದರು. ಹತ್ತಾರು ಮನೆಯ ಊರು ಅದು. ನಡುವಿನ ಬಯಲಿನಲ್ಲಿ ಒಂದು ಹಳೆಯ ಲಿಂಡನ್ ಮರ. ಕೆಳಗಿನ ಕೊಂಬೆಗಳನ್ನು ಸುತ್ತಲೂ ಚಪ್ಪರದಂತೆ ಹಬ್ಬಿಸಿ ಕಲ್ಲು ಕಂಬಗಳ ಮೇಲೆ ಕೂರಿಸಿದ್ದರು. ಚರ್ಚಿನ ಹಬ್ಬದ ದಿನ ಊರಿಗೆ ಊರೇ ಅದರ ಕೆಳಗೆ ಕುಣಿಯುತ್ತಿತ್ತು. ಈ ದಾರಿಯಲ್ಲಿ ಬಂದಾಗಲೆಲ್ಲ ಇಲ್ಲಿ ಇಳಿದು ರೊಟ್ಟಿ ತಿನ್ನುವುದು ಇವರ ವಾಡಿಕೆ.

ಸೈಕಲ್ಲನ್ನು ಗೋಡೆಗೆ ಒರಗಿಸಿ ವೆಂಡಲೀನ್ ಬೆಂಚಿನ ಮೇಲೆ ಕೂತ. ಮರದ ಕಡೆ ನೋಡಿದ. ಮರವಿರಬೇಕಾದ ಕಡೆ ಬೂದಿ ಮಚ್ಚೆ ಇತ್ತು. ಅಂಚಿನಲ್ಲಿ ಎರಡು ಕಲ್ಲು ಕಂಬ ಕಂಡವು, ಆಚೆ ಏನೋ ಹಸಿರು ಕಂಡಿತು. ಅವನಿಗೆ ಅಷ್ಟು ಸಾಕಾಯಿತು. ಮಚ್ಚೆಯ ಜಾಗಕ್ಕೆ ನೆನಪಿನ ಮರವನ್ನು ತಂದು ನಿಲ್ಲಿಸಿ ಅವನು ಬಣ್ಣಿಸತೊಡಗಿದ. ಎಲೆ ಹೊಸದಾಗಿ ಚಿಗುರಿ ಮಿರುಗುತ್ತಿದೆ, ಬುಡದ ಪೊಟರೆಯಲ್ಲಿ ಯಾವುದೋ ಹಕ್ಕಿ ಗೂಡು ಕಟ್ಟಿದೆ ಎಂದೆಲ್ಲ ಹೇಳಿದ.

ಓಟ್ಮಾರ್ ಟೋಪಿ ತೆಗೆದು ಬೋಳು ತಲೆಯ ಮೇಲೆ ಕೈಯಾಡಿಸಿಕೊಂಡ. ಹೋದ ಸಲಕ್ಕಿಂತ ದೊಡ್ಡದಾಗಿದೆಯೇ ಎಂದು ಕೇಳಿದ. ದೊಡ್ಡದಾಗದೆ ಇರುತ್ತದೆಯೇ, ಒಂದು ಕೊಂಬೆಗೆ ಹೊಸ ಕಂಬ ಬೇರೆ ಕೊಟ್ಟಿದ್ದಾರೆ ಎಂದ ವೆಂಡಲೀನ್. ಓಟ್ಮಾರ್ ಮಡಚಿದ್ದ ಬಿಳಿ ಕೋಲು ಬಿಚ್ಚಿಕೊಂಡು ಎದ್ದ. ಕೋಲು ನೆಲದ ಮೇಲೆ ಅತ್ತಿತ್ತ ಆಡುವ ಸದ್ದು ದೂರವಾಯಿತು, ಒಂದು ಕಂಬಕ್ಕೆ ತಾಗಿತು, ಮುಂದಕ್ಕೆ ಹೋಯಿತು, ಆಮೇಲೆ ದಪ್ಪ ಕಟ್ಟಿಗೆಗೆ ಬಡಿದ ಸದ್ದಾಗಿ ನಿಂತಿತು.

"ನಾನೀಗ ಎಲ್ಲಿದ್ದೀನಿ ಹೇಳು," ಎಂದು ಓಟ್ಮಾರ್ ಅಲ್ಲಿಂದಲೇ ಕೇಳಿದ.

"ಮರದ ಕೆಳಗೆ."

"ಮರದ ಮೇಲೆ ಕೂತಿದ್ದೀನಿ ಕಣೋ. ಕೊಯ್ದುಹಾಕಿದಾರೆ. ಗರಗಸದ ಗೆರೆ ಕೈಗೆ ಸಿಕ್ತಾ ಇದೆ. ಬಂದಾಗಿಂದ ನನ್ನ ನೆತ್ತಿ ಸುಡ್ತಾ ಇದೆ, ಇವನು ನೋಡಿದ್ರೆ ಹಕ್ಕಿ ಗೂಡು ಅಂತಾನೆ."

ವೆಂಡಲೀನ್ ಎದ್ದು ಅವನ ಕಡೆ ನಡೆದ. ಹತ್ತಿರ ಹೋಗಿ ಕತ್ತು ಓರೆ ಮಾಡಿದಾಗ ಕಂಡಿತು: ಬಂಡಿಯ ಗಾಲಿಯಷ್ಟು ಅಗಲದ ಬೊಡ್ಡೆ, ಅದರ ಮೇಲೆ ಬಿಸಿಲಿನಲ್ಲಿ ಕೂತ ಗೆಳೆಯ, ಸುತ್ತಲೂ ಹೊರುವುದಕ್ಕೆ ಏನೂ ಇಲ್ಲದೆ ನಿಂತ ಕಲ್ಲು ಕಂಬಗಳು. ಆ ಗಳಿಗೆಯಲ್ಲಿ ಅವನಿಗೆ ಮರ ಹೋದದ್ದಕ್ಕೇ ಮೊದಲು ಅಳು ಬಂತು. ಲೀಸೆಲ್ ಜೊತೆ ಅವನು ಅದರ ಕೆಳಗೆ ಕುಣಿದಿದ್ದ.

"ಎಷ್ಟು ದಿನದಿಂದ?" ಎಂದ ಓಟ್ಮಾರ್.

ಎಡಗಣ್ಣು ಎರಡು ವರ್ಷದ ಹಿಂದೆಯೇ ಹೋಗಿತ್ತು, ಬಲಗಣ್ಣು ಹೋದ ವರ್ಷದ ಪ್ರವಾಸಕ್ಕೆ ಮೊದಲೇ ಕೆಟ್ಟಿತ್ತು. ವೆಂಡಲೀನ್ ಎಲ್ಲವನ್ನೂ ಹೇಳಿದ. ಡಾಕ್ಟರಮ್ಮನ ಮಾತನ್ನೂ ಹೇಳಿದ. ದಾರಿ ತನಗೆ ಬಾಯಿಪಾಠವೆಂದು, ಬಿಳಿ ಗೆರೆ ಕಾಣುತ್ತದೆಂದು, ನಿನ್ನ ಜೀವಕ್ಕೆ ಕುತ್ತು ತರುತ್ತಿರಲಿಲ್ಲವೆಂದು ಸೇರಿಸಿದ. ಹೇಳುವಾಗಲೇ ಆ ಮಾತು ಅವನ ಕಿವಿಗೇ ಪೊಳ್ಳಾಗಿ ಕೇಳಿಸಿತು. ಬೆಳಗಿನ ವ್ಯಾನು ಇಬ್ಬರಿಗೂ ನೆನಪಿತ್ತು.

ಓಟ್ಮಾರ್ ಕೂಗಾಡಲಿಲ್ಲ. ಕೂಗಾಡಿದ್ದರೆ ವೆಂಡಲೀನನಿಗೆ ಎಷ್ಟೋ ಹಗುರಾಗುತ್ತಿತ್ತು. ಓಟ್ಮಾರ್ ಬೊಡ್ಡೆಯ ಅಂಚನ್ನು ಒಂದು ಸುತ್ತು ಸವರಿದ.

"ಡಿಂಕೆಲ್ಸ್‌ಬ್ಯೂಲಿನ ಕೊಕ್ಕರೆ?" ಎಂದ ಆಮೇಲೆ.

ಹೋದ ವರ್ಷದ ಪ್ರವಾಸದ ಮಾತು ಅದು. ಆ ಊರಿನ ಮನೆಯೊಂದರ ನೆತ್ತಿಯ ಮೇಲೆ ಕೊಕ್ಕರೆ ಗೂಡು ಕಟ್ಟಿತ್ತು. ಕೊಕ್ಕು ಕಟಕಟ ಬಡಿಯುವ ಸದ್ದು ಇಬ್ಬರಿಗೂ ಕೇಳಿಸಿತ್ತು. ಗೂಡಿನಲ್ಲಿ ಮೂರು ಮರಿ ಇವೆ, ಒಂದು ಸಣಕಲು, ಉಳಿದೆರಡು ಅದನ್ನು ಮೂಲೆಗೆ ತಳ್ಳುತ್ತಿವೆ ಎಂದು ವೆಂಡಲೀನ್ ಬಣ್ಣಿಸಿದ್ದ.

"ಮರಿ ಕಾಣ್ಲಿಲ್ಲ," ಎಂದ ಅವನು. "ಗೂಡೂ ಸರಿಯಾಗಿ ಕಾಣ್ಲಿಲ್ಲ."

"ಯೂಲೆ ಅದರ ಚಿತ್ರ ಬರೆದಿದಾಳೆ. ಆ ಸಣಕಲು ಮರಿಗೆ ಹೆಸರಿಟ್ಟಿದಾಳೆ. ಈಗ ಅದು ಹೇಗಿದೆಯಂತೆ ತಾತ ಅಂತ ಫೋನ್ ಮಾಡಿದಾಗಲೆಲ್ಲ ಕೇಳ್ತಾಳೆ." ಓಟ್ಮಾರ್ ಕೋಲನ್ನು ನೆಲಕ್ಕೆ ಊರಿದ. "ಬಿದ್ದು ಕೈಕಾಲು ಮುರ್ಕೊಂಡಿದ್ರೆ ಬೈದು ಸುಮ್ಮನಾಗ್ತಿದ್ದೆ ಕಣೋ. ಆದ್ರೆ ನನ್ನ ತಲೇಲಿರೋ ಊರುಗಳೆಲ್ಲ ನೀನು ಕೊಟ್ಟಿದ್ದು. ಯಾವುದನ್ನ ಇಟ್ಕೊಳ್ಳಲಿ, ಯಾವುದನ್ನ ಬಿಸಾಕಲಿ? ಅದನ್ನೂ ನೀನೇ ಹೇಳಿಬಿಡು."

ಒಬ್ಬಂಟಿಯಾಗುವ ಭಯಕ್ಕೆ ತಾನು ಮಾಡಿದ್ದು ಎಂಥ ಕೆಲಸ ಎಂಬುದು ವೆಂಡಲೀನನಿಗೆ ಆಗ ಪೂರ್ತಿ ಅರಿವಾಯಿತು. ಗೆಳೆಯನನ್ನು ಕಳೆದುಕೊಳ್ಳಬಾರದೆಂದು ಮುಚ್ಚಿಟ್ಟಿದ್ದ, ಮುಚ್ಚಿಟ್ಟದ್ದಕ್ಕೇ ಈಗ ಕಳೆದುಕೊಳ್ಳುವ ಹಾಗಾಗಿತ್ತು.

ರೊಟ್ಟಿಯನ್ನು ಯಾರೂ ಬಿಚ್ಚಲಿಲ್ಲ. ಶ್ವೇಬಿಷ್ ಹಾಲ್ ಊರಿಗೆ ಇಳಿಯುವ ರಸ್ತೆ ಸುತ್ತಿ ಸುತ್ತಿ ಕಡಿದಾಗಿ ಇಳಿಯುತ್ತದೆ. ಅದನ್ನು ನಡೆದೇ ಇಳಿಯುವುದೆಂದು ಓಟ್ಮಾರ್ ಹೇಳಿದ, ವೆಂಡಲೀನ್ ಎದುರಾಡಲಿಲ್ಲ. ಮುಂದೆ ವೆಂಡಲೀನ್ ಹ್ಯಾಂಡಲ್ಲು ಹಿಡಿದ, ಹಿಂದೆ ಓಟ್ಮಾರ್ ಸೀಟು ಹಿಡಿದ. ಮೊದಲ ತಿರುವಿನಲ್ಲಿ ಅಭ್ಯಾಸಬಲದಿಂದ ವೆಂಡಲೀನ್ ಬಾಯಿ ತೆರೆದು, ಎಡಕ್ಕೆ ದ್ರಾಕ್ಷಿ ತೋಟದ ಹಳೇ ಗೋಡೆ ಎನ್ನುವಷ್ಟರಲ್ಲಿ ಓಟ್ಮಾರ್ ಅವನನ್ನು ತಡೆದ.

"ಸುಮ್ನಿರು. ಏನೂ ಹೇಳ್ಬೇಡ."

ಮೂವತ್ತು ವರ್ಷದಲ್ಲಿ ಆ ಸೈಕಲ್ಲು ಹಾಗೆ ಮಾತಿಲ್ಲದೆ ಗುಡ್ಡ ಇಳಿದದ್ದು ಅದೇ ಮೊದಲು. ಚಕ್ರ ಟಿಕ್ ಟಿಕ್ ಎನ್ನುತ್ತಿತ್ತು. ಹಿಂದಿನಿಂದ ಬಂದ ಹುಡುಗರ ಗುಂಪೊಂದು ಗಂಟೆ ಬಾರಿಸಿ, ಏನ್ ತಾತಂದಿರಾ ಪಂಕ್ಚರಾ ಎಂದು ಕೇಳಿಕೊಂಡು ಹಾರಿಹೋಯಿತು. ವೆಂಡಲೀನನ ಬಾಯಲ್ಲಿ ಹೇಳದ ಮಾತುಗಳು ತುಂಬಿಕೊಂಡವು.

ಊರು ಮುಟ್ಟುವಾಗ ಬಿಸಿಲು ಇಳಿಮುಖವಾಗಿತ್ತು. ಅವರು ರಾತ್ರಿ ಉಳಿಯುವ ವಸತಿಮನೆ ಹೊಳೆಯ ಆಚೆ ದಡದಲ್ಲಿತ್ತು. ನಡುವೆ ಮರದ ಹಳೇ ಸೇತುವೆ, ಮೇಲೆ ಸೂರು, ಎರಡು ಪಕ್ಕಕ್ಕೂ ಹಲಗೆ. ಎದುರು ಬಿಸಿಲಿನಿಂದ ಆ ಸೂರಿನ ಕೆಳಗೆ ಕಾಲಿಟ್ಟದ್ದೇ ತಡ, ವೆಂಡಲೀನನಿಗೆ ಅಂಚು, ಗೆರೆ, ಹಲಗೆ ಎಲ್ಲವೂ ಒಟ್ಟಿಗೇ ಆರಿಹೋದವು. ಎಷ್ಟೋ ಸಲ ದಾಟಿದ ಸೇತುವೆ ಅದು. ಆದರೂ ಕಾಲು ಮುಂದೆ ಏಳಲಿಲ್ಲ.

ಸೈಕಲ್ಲು ನಿಂತದ್ದು ಓಟ್ಮಾರನಿಗೆ ತಿಳಿಯಿತು. "ಯಾಕೆ?" ಎಂದ.

ಹಳೇ ಚಾಳಿ ನಾಲಗೆಯ ತುದಿಗೆ ಬಂತು. ಯಾರೋ ಅಡ್ಡ ಬಂದರು, ಚೈನು ಕಳಚಿತು, ನೆವಕ್ಕೇನು ಬರವೇ? ವೆಂಡಲೀನ್ ಅವನ್ನೆಲ್ಲ ನುಂಗಿಕೊಂಡ.

"ಏನೂ ಕಾಣ್ತಿಲ್ಲ ಓಟ್ಮಾರ್. ಭಯ ಆಗ್ತಿದೆ."

ಓಟ್ಮಾರನ ಕೋಲು ಹಲಗೆಯ ಮೇಲೆ ಆಡುತ್ತ ಮುಂದಕ್ಕೆ ಬಂತು. ಸೈಕಲ್ಲನ್ನು ಕಟಕಟೆಗೆ ಒರಗಿಸಿ ಬೀಗ ಹಾಕು, ವಸತಿಮನೆಯವರು ಯಾರಾದರೂ ಬಂದು ತರುತ್ತಾರೆ ಎಂದ ಓಟ್ಮಾರ್. ವೆಂಡಲೀನ್ ತಡವಿ ತಡವಿ ಬೀಗ ಹಾಕಿ, ಕತ್ತಲಲ್ಲಿ ಕೈ ಚಾಚಿ ಗೆಳೆಯನ ಅಂಗೈ ಹಿಡಿದುಕೊಂಡ.

"ಹಾಗಲ್ಲ. ಕೈ ಹಿಡಿದ್ರೆ ಇಬ್ರೂ ಬೀಳ್ತೀವಿ. ಮೊಣಕೈ ಹಿಡ್ಕೋ. ಅರ್ಧ ಹೆಜ್ಜೆ ಹಿಂದೆ ಬಾ," ಎಂದ ಓಟ್ಮಾರ್. "ಇಷ್ಟು ವರ್ಷ ನಾನು ಹಿಡಿದಿದ್ದು ನೋಡ್ಲಿಲ್ವಾ?"

ವೆಂಡಲೀನ್ ಮೊಣಕೈ ಹಿಡಿದ. ಇಬ್ಬರೂ ನಡೆದರು. ಓಟ್ಮಾರ್ ತಗ್ಗಿದ ದನಿಯಲ್ಲಿ ಹೇಳುತ್ತ ಹೋದ. ಇಲ್ಲೊಂದು ಹಲಗೆ ಮೇಲೆದ್ದಿದೆ, ಕಾಲೆತ್ತು. ಎಡಕ್ಕೆ ನೀರು ಕಟ್ಟೆಯಿಂದ ಧುಮುಕುತ್ತಿದೆ. ಎದುರಿಗೊಬ್ಬರು ಬರುತ್ತಿದ್ದಾರೆ, ಜೊತೆಗೆ ನಾಯಿ, ನಾಯಿಯ ಉಗುರು ಕೇಳಿಸುತ್ತಿದೆ. ಇಲ್ಲಿ ಸೇತುವೆಯ ನಡುಭಾಗ, ಗಾಳಿ ತಣ್ಣಗಾಯಿತು. ಅವನ ದನಿಯಲ್ಲಿ ಪ್ರೀತಿಯಿರಲಿಲ್ಲ. ಆದರೆ ಒಂದನ್ನೂ ಬಿಡದೆ ಹೇಳಿದ.

ಸೂರು ಮುಗಿದು ಬೆಳಕಿಗೆ ಬಂದರು. ವೆಂಡಲೀನನ ಕಣ್ಣಿನ ಅಂಚುಗಳು ಒಂದೊಂದಾಗಿ ತಿರುಗಿ ಬಂದವು. ಓಟ್ಮಾರ್ ನಿಂತ.

"ಈಗ ಹೇಳು. ಏನು ಕಾಣುತ್ತೆ? ಕಂಡಷ್ಟೇ."

ವೆಂಡಲೀನ್ ನೋಡಿದ. ಈ ದಂಡೆಯ ಒಂದೊಂದು ಮನೆಯೂ ಅವನಿಗೆ ಗೊತ್ತು, ಒಂದೊಂದು ಸೂರೂ ಗೊತ್ತು.

"ಬಲಗಡೆ ಕೆಂಪಾಗಿ ಏನೋ ಇದೆ, ಹೆಂಚಿನ ಸೂರಿರಬೇಕು," ಎಂದ. "ಅದರ ಮೇಲೆ ಚಿಮಣಿ ಇದೆಯೋ ಇಲ್ವೋ ಗೊತ್ತಿಲ್ಲ. ನಡುವೆ ಏನೂ ಇಲ್ಲ."

ಓಟ್ಮಾರ್ ಜೇಬಿಗೆ ಕೈ ಹಾಕಿ ಬಿಸ್ಕತ್ತಿನ ಪೊಟ್ಟಣವನ್ನು ಮುಟ್ಟಿ ನೋಡಿಕೊಂಡ.

"ಸರಿ. ಇದನ್ನ ಯೂಲೆಗೆ ಹೇಳ್ತೀನಿ," ಎಂದ. "ಕೊಕ್ಕರೆ ಮರಿ ವಿಷಯ ನೀನೇ ಹೇಳ್ಬೇಕು. ಇವತ್ತೇ ಫೋನ್ ಮಾಡಿಕೊಡ್ತೀನಿ."

ಆಗಲಿ ಎಂದ ವೆಂಡಲೀನ್. ಉಳಿಯುವ ಮನೆಯ ಬಾಗಿಲು ಹತ್ತಿರದಲ್ಲೇ ಇತ್ತು, ದಾರಿಯೂ ಬೆಳಕಾಗಿತ್ತು. ಆದರೂ ಅವನು ಮೊಣಕೈ ಬಿಡಲಿಲ್ಲ, ಓಟ್ಮಾರನೂ ಬಿಡಿಸಿಕೊಳ್ಳಲಿಲ್ಲ.