ಕಣ್ಣು ಬಿಟ್ಟ ತಟ್ಟೆ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬಾಯ್ತುಂಬ ಹಾಗೆ ಕರೆಯಬೇಕಾದವನು ಮಾತ್ರ ಮಹಡಿಯ ವಾರ್ಡಿನಲ್ಲಿ ಎಚ್ಚರ ತಪ್ಪಿ ಮಲಗಿದ್ದ. ಹೊಟ್ಟೆಯ ಆಪರೇಷನ್ ಆದಮೇಲೆ ತಮ್ಮನ ರಕ್ತಕ್ಕೆ ಸೋಂಕು ಏರಿತ್ತು.

ರೋಗಿಯ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು, ಅದನ್ನು ಬೆಳೆಸುವ ಪುಟ್ಟ ತಟ್ಟೆಯ ತುಂಬ ಸವರಿ, ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನು ಇಡುವುದು ಅವಳ ಕೆಲಸ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ದುಂಡಗೆ ತಿಳಿಯಾಗುತ್ತದೆ. ಅಲ್ಲಿನವರ ಬಾಯಲ್ಲಿ ಅದು ‘ಕಣ್ಣು’. ತಮ್ಮನ ತಟ್ಟೆಯಲ್ಲಿ ಉಳಿದ ಬಿಲ್ಲೆಗಳೆಲ್ಲ ಕೈಕೊಟ್ಟು, ಒಂದೇ ಒಂದರ ಸುತ್ತ ತಿಳಿಯಾಗಿತ್ತು. ಅವಳು ತಡೆಯಲಾರದೆ ಫೋನಿನಲ್ಲಿ ಕೂಗಿಯೇಬಿಟ್ಟಳು: “ಡಾಕ್ಟ್ರೇ, ಕಣ್ಣು ಬಿಟ್ಟಿದೆ! ಒಂದಾದ್ರೂ ಬಿಟ್ಟಿದೆ!”

ಬಾಗಿಲಾಚೆಯ ಬೆಂಚಿನ ಮೇಲಿದ್ದ ಅಮ್ಮನ ಕಿವಿಗೆ ಬಿದ್ದದ್ದು ಅಷ್ಟೇ. ಅಕ್ಕ ಹೊರಬರುವಷ್ಟರಲ್ಲಿ ಸುದ್ದಿ ಚಿಕ್ಕಮ್ಮ, ಸೋದರಮಾವ, ಅಕ್ಕಪಕ್ಕದ ಮನೆಯವರನ್ನೆಲ್ಲ ಮುಟ್ಟಿ ಆಗಿತ್ತು. “ಸದ್ಯಕ್ಕೆ ಒಂದು ಕಣ್ಣು ಬಿಟ್ಟಿದಾನಂತೆ. ಸೋಮಾರಿ! ಇನ್ನೊಂದನ್ನ ನಿಧಾನಕ್ಕೆ ಬಿಡ್ತಾನೆ,” ಎಂದು ಅಮ್ಮ ಫೋನಿನಲ್ಲಿ ನಗುತ್ತಿದ್ದಳು. ಆ ನಗುವಿಗೆ ಕಲ್ಲು ಹಾಕಲು ಅಕ್ಕನಿಗೆ ಮನಸ್ಸಾಗಲಿಲ್ಲ. ಔಷಧಿ ಹಿಡಿದರೆ ಅವನು ಹೇಗೂ ಕಣ್ಣು ಬಿಡುತ್ತಾನೆ, ಆಮೇಲೆ ಯಾರು ಕೇಳುತ್ತಾರೆ ಎಂದುಕೊಂಡು ಸುಮ್ಮನಾದಳು.

ಔಷಧಿ ಕೊಟ್ಟರು. ಇಳಿದಂತೆ ಮಾಡಿದ ಜ್ವರ ಮತ್ತೆ ಏರಿತು. ಮತ್ತೆ ರಕ್ತ ತೆಗೆದರು, ಮತ್ತೆ ತಟ್ಟೆ ಇಟ್ಟಳು. ಈ ಸಲ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದು ಒಂದೇ ಸಮನೆ ಮಂಜು. ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲೂ ಒಂದು ಕಣ್ಣಿಲ್ಲ.

ಅಮ್ಮನ ಪಕ್ಕದಲ್ಲಿ ಹೋಗಿ ಕೂತಳು. “ಅಮ್ಮಾ, ಅವತ್ತು ಕಣ್ಣು ಬಿಟ್ಟಿದ್ದು ಅವನಲ್ಲ. ನನ್ನ ತಟ್ಟೆ. ಔಷಧಿ ನಾಟಿದ್ರೆ ನಾವು ಹಾಗಂತೀವಿ. ಈಗ ಅದೂ ಇಲ್ಲ. ಬೇರೆ ಔಷಧಿನೂ ಇಲ್ಲ.”

ಅಮ್ಮ ಅವಳತ್ತ ತಿರುಗಿದಳು. “ಅವತ್ತು ನಾಟಿದ್ದು ಈಗ್ಯಾಕೆ ನಾಟಲ್ಲ?”

“ಅವನ ಹೊಟ್ಟೇಲಿ ಬೇರೆ ಜಾತಿ ಬ್ಯಾಕ್ಟೀರಿಯಾ ಇತ್ತು. ತನ್ನ ಪಾಡಿಗೆ ಇತ್ತು, ಪಾಪ. ಔಷಧಿನ ಸೋಲಿಸೋ ವಿದ್ಯೆ ಅದರ ಡಿಎನ್ಎಯಲ್ಲಿತ್ತು. ಅದು ಪ್ರೋಟೀನಿನ ದಾರ ಚಾಚಿ ಈ ಸೋಂಕಿನ ಬ್ಯಾಕ್ಟೀರಿಯಾನ ಹತ್ರ ಎಳ್ಕೊಳ್ತು. ಇನ್ನೊಂದು ಪ್ರೋಟೀನು ಡಿಎನ್ಎಯ ಎರಡೆಳೇಲಿ ಒಂದನ್ನ ಕತ್ತರಿಸಿ, ತುದಿ ಹಿಡ್ಕೊಂಡು ಇದರೊಳಗೆ ದಾಟಿಸ್ತು. ಈಗ ಆ ವಿದ್ಯೆ ಇದಕ್ಕೂ ಬಂತು.”

“ಕೊಟ್ಟಿದ್ದಕ್ಕೆ ಕಡಮೆ ಆಗಲ್ವಾ?”

“ಇಲ್ಲ. ಒಂದೊಂದು ಎಳೆ ಇಟ್ಕೊಂಡು ಎರಡೂ ಮತ್ತೆ ಪೂರ್ತಿ ಮಾಡ್ಕೊಳ್ತವೆ.”

“ಅವೆರಡಕ್ಕೂ ಏನು ಸಂಬಂಧ?”

“ಏನೂ ಇಲ್ಲಮ್ಮ.”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಹೆತ್ತೋಳು ನಾನು. ನನ್ನಿಂದ ಅವನಿಗೆ ಒಂದೆಳೆ ದಾಟಿಸೋಕೆ ಆಗಲ್ವೇನೇ? ನನಗೇನೂ ಉಳೀದಿದ್ರೂ ಪರವಾಗಿಲ್ಲ.”

ಅಕ್ಕನಿಗೆ ದುಃಖ ಉಕ್ಕಿ ಬಂತು. “ಆಗಲ್ಲಮ್ಮ,” ಎಂದಳು.

ಅಮ್ಮ ಕಣ್ಣೊರೆಸಿಕೊಂಡು ಫೋನ್ ತೆಗೆದು ಚಿಕ್ಕಮ್ಮನಿಗೆ ಕರೆ ಮಾಡಿದಳು. “ಅವತ್ತು ನಾನೇ ತಪ್ಪಾಗಿ ಕೇಳಿಸ್ಕೊಂಡೆ ಕಣೇ,” ಎಂದಳು. “ಅವನನ್ನ ನೋಡೋದಿದ್ರೆ ಇವತ್ತೇ ಬಂದ್ಬಿಡು.”